ಕೀಬೋರ್ಡ್ ಬ್ಯಾರೆ, ಗಡಿಯಾರಾನೂ ಬ್ಯಾರೆ

ತಮ್ಮಾ, ಹುಬ್ಬಳ್ಳ್ಯಾಗ ಲಿನಕ್ಸ್ ಅಡ್ಮಿನ್ (ಸರ್ವರ್ ನೋಡಿಕೊಳ್ಳೂ) ಕೆಲಸ ಮಾಡಾಂವ ಜರ್ಮನಿಗೆ ಹೊಂಟೀನಿ, ಅಲ್ಲೆ ಹೆಂಗಿರತೈತಿ, ಹೊಸಾದು ಏನ್ ಕಲೀಬೇಕು ಅಂತ ಕೇಳೀದಿ. ನಾನೂ ಹಳೇ ಹುಬ್ಬಳ್ಳಿಯಾಂವನ. ಇಲ್ಲೆ ಬಂದು ಭಾಳ ವರ್ಷ ಆತು.

ಕಮಾಂಡ್ ಲೈನ್, ಅಂದ್ರ ಅಕ್ಷರ ಹೊಡದು ಕಂಪ್ಯೂಟರಿಗೆ ಹುಕುಂ ಕೊಡೂದು, ಅದರ ಚಿಂತಿ ಬಿಡು. ಡಿಸ್ಕ್ ತುಂಬೇತಿ ಅಂದ್ರ ಇಲ್ಲೂ ಮೊದಲ 'ಡಿಎಫ್ ಮೈನಸ್ ಎಚ್' ಹೊಡದು ಎಷ್ಟು ಜಾಗಾ ಉಳದೈತಿ ನೋಡತೀವಿ. ಜಾಗಾ ಇದ್ರೂ ಫೈಲ್ ಬರಿಯಾಕ ಆಗವಲ್ದು ಅಂದ್ರ 'ಮೈನಸ್ ಐ' ಹಾಕಿ ಐನೋಡ್ (ಒಂದೊಂದು ಫೈಲಿಗೂ ಬೇಕಾಗೂ ನಮೂದು) ಮುಗದಾವೇನು ನೋಡತೀವಿ. ದೊಡ್ಡ ಲಾಗ್ (ಸರ್ವರ್ ತನ್ನ ಕೆಲಸ ಬರದಿಡೂ ಫೈಲ್) ಅಳಿಸಿದ ಮ್ಯಾಲೂ ಜಾಗಾ ಖಾಲಿ ಆಗಲಿಲ್ಲಂದ್ರ ಯಾವದರ ಪ್ರೋಸೆಸ್ (ಓಡಾಕತ್ತಿದ ಪ್ರೋಗ್ರಾಂ) ಅದನ್ನ ಹಿಡಕೊಂಡು ಕುಂತಿರತೈತಿ. 'ಎಲ್‌ಎಸ್‌ಓಎಫ್' ಅನ್ನೂ ಕಮಾಂಡ್ ಅದನ್ನ ಹುಡುಕಿ ಕೊಡತೈತಿ.

ಖರೇ ಕಾಟ ಇಲ್ಲಿನ ಜರ್ಮನ್ ಕೀಬೋರ್ಡಿಂದು. ವೈ ಇದ್ದಲ್ಲೆ ಝಡ್, ಝಡ್ ಇದ್ದಲ್ಲೆ ವೈ. ವಿಮ್ ಅನ್ನೂ ಎಡಿಟರಿನಾಗ ಸಾಲು ಕಾಪಿ ಮಾಡಾಕ 'ವೈವೈ' ಹೊಡದ್ರ 'ಝಡ್‌ಝಡ್' ಆಗಿ ಆ ಸಾಲು ಪರದೆ ನಡುವ ಬಂದು ನಿಂದರತೈತಿ. ಸ್ಲ್ಯಾಶ್ ಬೇಕಂದ್ರ ಶಿಫ್ಟ್ ಹಿಡದು 7. ಪೈಪ್ ಬೇಕಂದ್ರ ಬಲಗಡೆ ಆಲ್ಟ್‌ಜಿಆರ್ ಹಿಡದು ಎಡಗಡೆ ಶಿಫ್ಟ್ ಬಾಜೂಕಿನ ಕೀ. ನಿನ್ನ ಲ್ಯಾಪ್‌ಟಾಪಿನಾಗ ಅಮೆರಿಕನ್ ಲೇಔಟ್ ಇಟ್ಕೊ, ಯಾರೂ ಏನೂ ಅನ್ನಂಗಿಲ್ಲ. ಆದ್ರ ಸರ್ವರ್ ರೂಮಿನ ಕನ್ಸೋಲ್ (ಸರ್ವರಿಗೆ ಹಚ್ಚಿದ ಪರದೆ, ಕೀಬೋರ್ಡ್) ಯಾವ ಲೇಔಟಿನಾಗ ಇರತೈತೋ ಹೇಳಾಕ ಬರಂಗಿಲ್ಲ, ಪಾಸ್‌ವರ್ಡ್ ಹೊಡಿಯುವಾಗ ಅಕ್ಷರಾನೂ ಕಾಣೂದಿಲ್ಲ. ಮೊದಲ ಲಾಗಿನ್ ಹೆಸರಿನ ಜಾಗಾದಾಗ ವೈ, ಝಡ್ ಮತ್ತ ಒಂದೆರಡು ಚಿಹ್ನೆ ಹೊಡದು ನೋಡಿ ಅಳಿಸು. ಪೂರ್ತಿ ಪಾಸ್‌ವರ್ಡ್ ಮಾತ್ರ ಅಲ್ಲೆ ಹೊಡೀಬ್ಯಾಡ, ಲಾಗ್ ಫೈಲಿನಾಗ ಉಳೀಬಹುದು.

ಇನ್ನ ಗಡಿಯಾರ. ನಮ್ಮ ಕಡೆ ಇಲ್ಲದ ಉಸಾಬರಿ ಇದು, ಬ್ಯಾಸಗಿಗೆ ಇಲ್ಲೆ ಗಡಿಯಾರ ಒಂದು ತಾಸು ಮುಂದ ಇಡತಾರ. ಮಾರ್ಚ್ ಕಡೇ ರವಿವಾರ ರಾತ್ರಿ 2 ಹೊಡೀತಂದ್ರ ಸೀದಾ 3. ಅಕ್ಟೋಬರ್ ಕಡೇ ರವಿವಾರ 3 ಆಗೂದ ತಡ, ತಿರುಗಿ 2. ಬ್ಯಾಕಪ್ಪಿಗೆ 2:30ಕ್ಕ ಕ್ರಾನ್ (ಹೇಳಿದ ಹೊತ್ತಿಗೆ ತಾನ ಕೆಲಸ ಓಡಿಸೂ ಪ್ರೋಗ್ರಾಂ) ಹಚ್ಚಿದ್ರ? ಕೆಲವು ಕ್ರಾನ್ ಸಂಭಾಳಿಸತಾವ, ಕೆಲವು ಆ ಕೆಲಸಾನ ಬಿಟ್ಟು ಬಿಡತಾವ, ಇಲ್ಲಾ ಎರಡ ಸಲ ಓಡಿಸತಾವ. ಅದಕ್ಕ ಸರ್ವರ್ ಯುಟಿಸಿ (ವರ್ಷಪೂರ್ತಿ ಬದಲಾಗದ ಜಾಗತಿಕ ಸಮಯ) ಒಳಗ ಇಡೂದು ಚಲೋ. ಮನೀಗೆ ಫೋನ್ ಹಚ್ಚೂದಕ್ಕೂ ಇದ ಲೆಕ್ಕ: ಥಂಡ್ಯಾಗ ಇಲ್ಲೆ ಸಂಜಿ 6 ಅಂದ್ರ ಹುಬ್ಬಳ್ಳ್ಯಾಗ ರಾತ್ರಿ 10:30, ಬ್ಯಾಸಗ್ಯಾಗ 9:30.

ರಾತ್ರಿ ಎದ್ದು ಸರ್ವರ್ ಎಬ್ಬಿಸಿ, ಮುಂಜಾನೆ 9ಕ್ಕ ಮತ್ತ ಆಫೀಸಿನಾಗ ಕುಂತ್ರ ಇಲ್ಲೆ ಶಭಾಶ್ ಅನ್ನಂಗಿಲ್ಲ, ಯಾಕ ಬಂದಿ ಅಂತಾರ. ಕೆಲಸ ಮುಗದ ಮ್ಯಾಲ ಸಾಮಾನ್ಯವಾಗಿ 11 ತಾಸು ಬಿಡುವು ಕೊಡಬೇಕು ಅಂತ ಕಾನೂನ ಐತಿ. ರಜಾಕ್ಕ ಹೋದಾಂವಗ ಫೋನೂ ಹಚ್ಚಂಗಿಲ್ಲ. ಹಿಂಗಾಗಿ ನೀ ಏನ್ ಮಾಡೀದಿ, ಯಾಕ ಮಾಡೀದಿ ಅನ್ನೂದನ್ನ ಬರದಿಡಾಕ ಬೇಕು. ತಲ್ಯಾಗ ಇಟ್ಕೊಂಡು 'ನನ್ನ ಕೇಳ್ರಿ' ಅನ್ನೂ ಹಿರೇತನ ಇಲ್ಲೆ ನಡಿಯಂಗಿಲ್ಲ. ನನಗಂತೂ ಇದ ಭಾಳ ಸೇರತೈತಿ.

ಸಹಿ ಮಾಡೂ ಮೊದಲ ಕರಾರಿನಾಗ 'ರೂಫ್‌ಬೆರೈಟ್‌ಶಾಫ್ಟ್', ಅಂದ್ರ ಆನ್‌ಕಾಲ್ ಪಾಳಿ, ಅದರ ಬಗ್ಗೆ ಏನ್ ಬರದಾರ ಓದು. ಎಷ್ಟು ವಾರಕ್ಕೊಮ್ಮೆ, ಎಷ್ಟು ನಿಮಿಷದಾಗ ಲಾಗಿನ್ ಆಗಬೇಕು, ರೊಕ್ಕ ಬ್ಯಾರೆ ಕೊಡತಾರೇನು. ತಿಳೀಲಿಲ್ಲಂದ್ರ ಆ ಪುಟ ನನಗ ಕಳಸು, ಕೂಡೇ ನೋಡೂಣು.