ವಿಡಿಯೋ ಕಾಲಲ್ಲೇ ನೋಡ್ಕೊಳ್ಳಬಹುದಾ ಅಂತ ಕೇಳಿದ್ರಲ್ಲ

ಕುಂದಾಪುರದಿಂದ ಮಣಿಪಾಲಕ್ಕೆ ಪ್ರತಿ ಸಲ ಆಂಬುಲೆನ್ಸ್ ಮಾಡ್ಕೊಂಡು ಅಕ್ಕನನ್ನು ಕರ್ಕೊಂಡು ಹೋಗುದು ಕಷ್ಟ, ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ) ಫೋನಲ್ಲೇ ಆಗ್ತದಾ ಅಂತ ಕೇಳಿದ್ದೀರಿ. ಸುಮಾರಷ್ಟು ಆಗ್ತದೆ. ನಿಮ್ಮ ಅಕ್ಕನ ಹಾಗೆ ನಮ್ಮ ಅತ್ತೆಗೂ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು, ಬೆನ್ನುಹುರಿಯ ನರಗಳ ರೋಗ), ಮೂರು ವರ್ಷ ಹಾಸಿಗೆಯಲ್ಲೇ ಇದ್ರು. ವಿಡಿಯೋ ಕಾಲಲ್ಲಿ ನರ್ಸ್ "ಟಾರ್ಚ್ ಹಾಕಿ ಹಿಮ್ಮಡಿ ತೋರಿಸಿ" ಅಂದಾಗಲೇ ಕೆಂಪಾದ ಜಾಗ ನಮಗೆ ಕಂಡದ್ದು, ಹುಣ್ಣಾಗುವ ಮೊದಲೇ ಸಿಕ್ತು. ಸೊಂಟ, ಬೆನ್ನಿನ ಕೆಳಗೆ ದಿನಾ ನೋಡಿ.

ಕಾಲು ಒಮ್ಮೆಲೇ ಜಾಸ್ತಿ ಸೆಟೆದ್ರೆ ರೋಗ ಏರಿತು ಅಂತ ಗಾಬರಿ ಬೇಡ, ಮೂತ್ರದ ಇನ್ಫೆಕ್ಷನ್, ಮಲಬದ್ಧತೆ, ನಮ್ಮ ಏಪ್ರಿಲ್ ಸೆಕೆ ಇಷ್ಟರಿಂದಲೂ ಹಾಗಾಗ್ತದೆ, ಅದನ್ನು ಮೊದಲು ಡಾಕ್ಟ್ರಿಗೋ ನರ್ಸಿಗೋ ಹೇಳಿ. ಸೆಟೆತ ಕಡಿಮೆ ಮಾಡುವ ಬ್ಯಾಕ್ಲೋಫೆನ್ ಮಾತ್ರೆ ಕೊಡ್ತಿದ್ರೆ ಸ್ಟಾಕ್ ಮುಗಿಯದ ಹಾಗೆ ನೋಡ್ಕೊಳ್ಳಿ, ಒಮ್ಮೆಲೇ ನಿಲ್ಲಿಸುದು ಅಪಾಯ. ಜೋರು ನೋವಿಗೆ ಕೊಡುವ ಮಾರ್ಫಿನ್ ಬೇಕಾದ್ರೆ ಮಾತ್ರ ಫೋನಲ್ಲಿ ಬರೆದು ಕೊಡ್ಲಿಕ್ಕಿಲ್ಲ, 2020ರ ಟೆಲಿಮೆಡಿಸಿನ್ ನಿಯಮದಲ್ಲೇ ಹಾಗುಂಟು. ಊಟ ಮಾಡುವಾಗ ಕೆಮ್ಮಿ ಉಸಿರು ಕಟ್ಟಿದ್ರೆ, ಜ್ವರದಲ್ಲಿ ಮಂಪರು ಬಂದ್ರೆ ಕಾಲ್ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ.

ಮಣಿಪಾಲ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಉಂಟು, ಒಮ್ಮೆ ನೇರ ತೋರಿಸಿ ನಂತರ ವಿಡಿಯೋ ಕಾಲಲ್ಲಿ ಮುಂದುವರಿಸ್ಲಿಕ್ಕೆ ಆಗ್ತದಾ ಕೇಳಿ. ಪ್ಯಾಲಿಯೇಟಿವ್ ಕೇರ್ ಕೊನೇ ದಿನಕ್ಕೆ ಮಾತ್ರ ಅಂತ ನಮ್ಮವರು ಹೆದರ್ತಾರೆ, ಹಾಗೇನಿಲ್ಲ ಮಾರಾಯ್ರೆ. 2016ರ ಅಂಗವಿಕಲರ ಕಾನೂನಲ್ಲಿ ಎಂಎಸ್ ಕೂಡ ಉಂಟು, ಯುಡಿಐಡಿ ಕಾರ್ಡ್ (ಸರ್ಕಾರದ ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಕಾಲ್ ಮುಗಿಯುವ ಮೊದಲು ನಿಮ್ಮ ನಿದ್ದೆ, ಸೊಂಟನೋವು ಕೂಡ ಡಾಕ್ಟ್ರಿಗೋ ನರ್ಸಿಗೋ ಹೇಳಿ, ನಾನು ಹೇಳದೆ ಬಿಟ್ಟು ಕಡೆಗೆ ನಾನೇ ಹಾಸಿಗೆ ಹಿಡಿದೆ.