ಫ್ರಾನ್ಸಿನ ರಿಷಾರ್ ಪಿನ್ಹಾಸ್ ಯಾರು? ಅವರ ಸಂಗೀತ ಎಲ್ಲಿಂದ ಕೇಳಲು ಶುರು ಮಾಡಬೇಕು?

ಪಿನ್ಹಾಸ್ 1951ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಗಿಟಾರ್ ಮತ್ತು ಸಿಂಥಸೈಜರ್ ಎರಡೂ ಅವರ ಕೈಗೆ ಒಗ್ಗಿದ್ದವು. ಓದಿದ್ದು ಮಾತ್ರ ತತ್ವಶಾಸ್ತ್ರ, ಅದರಲ್ಲೇ ಡಾಕ್ಟರೇಟ್ ಕೂಡ ಪಡೆದರು. ಹೆಸರಾಂತ ಚಿಂತಕ ಜೀಲ್ ಡೆಲೂಜ್ ಅವರಿಗೆ ಗುರು.

1974ರಲ್ಲಿ ಅವರು ಹೆಲ್ಡನ್ ಎಂಬ ತಂಡ ಕಟ್ಟಿದರು. ಮೊದಲ ಆಲ್ಬಮ್ 'ಎಲೆಕ್ಟ್ರೋನಿಕ್ ಗೆರಿಯಾ' ಅದೇ ವರ್ಷ ಬಂತು. ಅದರ ಒಂದು ಹಾಡಿನಲ್ಲಿ ಡೆಲೂಜ್ ಸ್ವತಃ ಜರ್ಮನ್ ತತ್ವಜ್ಞಾನಿ ನೀಚೆಯ ಸಾಲುಗಳನ್ನು ಓದುತ್ತಾರೆ. ಹಿಂದೆ ಗಿಟಾರ್ ಗುಡುಗುತ್ತಿರುತ್ತದೆ. ಮೇಷ್ಟ್ರು ಶಿಷ್ಯನ ರಾಕ್ ಹಾಡಿಗೆ ದನಿ ಕೊಡುವುದು ಎಷ್ಟು ಚೆಂದ, ಅಲ್ವಾ?

ದೊಡ್ಡ ಕಂಪನಿಗಳನ್ನು ಕಾಯದೆ, ಡಿಸ್‌ಜುಂಕ್ಟಾ ಎಂಬ ಸ್ವಂತ ಲೇಬಲ್ ಮಾಡಿಕೊಂಡು ರೆಕಾರ್ಡ್ ಹೊರತಂದರು. ಆ ಕಾಲಕ್ಕೆ ಅದು ನಿಜಕ್ಕೂ ಗಟ್ಟಿ ಧೈರ್ಯ. 1979ರ 'ಸ್ಟ್ಯಾಂಡ್ ಬೈ' ವರೆಗೆ ಹೆಲ್ಡನ್‌ನ ಏಳು ಆಲ್ಬಮ್ ಬಂದವು. ಜೊತೆಗೆ 'ರೈಜೋಸ್ಫಿಯರ್', 'ಐಸ್‌ಲ್ಯಾಂಡ್'ನಂಥ ಸ್ವಂತ ಆಲ್ಬಮ್‌ಗಳು. 1982ರ ನಂತರ ಸುಮಾರು ಹತ್ತು ವರ್ಷ ಹೊಸ ಆಲ್ಬಮ್ ಇಲ್ಲ. ತೊಂಬತ್ತರ ದಶಕದಲ್ಲಿ ಮರಳಿದರು. ಮುಂದೆ ಜಪಾನಿನ ನಾಯ್ಸ್ (ಗದ್ದಲವನ್ನೇ ಸಂಗೀತವಾಗಿಸುವ) ಕಲಾವಿದ ಮೆರ್ಜ್‌ಬೋ ಜೊತೆಗೂ ನುಡಿಸಿದರು.

ಶುರು ಮಾಡಲು ನನ್ನ ಆಯ್ಕೆ ಹೆಲ್ಡನ್‌ನ 'ಇಂಟರ್‌ಫೇಸ್' ಆಲ್ಬಮ್. ಅದೇ ಹೆಸರಿನ ಹಾಡು ಸುಮಾರು 19 ನಿಮಿಷ ಇದೆ. ಸಿಂಥಸೈಜರ್ ಒಂದೇ ಸ್ವರಮಾಲೆಯನ್ನು ಯಂತ್ರದ ಹಾಗೆ ಸುತ್ತಿಸುತ್ತದೆ. ಅದರ ಮೇಲೆ ಫ್ರಾನ್ಸುವಾ ಓಜೆ ಅವರ ಡ್ರಮ್ಸ್, ಆಮೇಲೆ ಉರಿಯುವ ಗಿಟಾರ್. ಹೆಡ್‌ಫೋನ್ ಹಾಕಿ, ಸ್ವಲ್ಪ ಜೋರಾಗಿಯೇ ಕೇಳಿ.