ಗೇರ್ ಯಾವ ಕಡೆ ತಿರುಗುತ್ತೆ? ಮೊದಲು ಊಹಿಸಿ, ಆಮೇಲೆ ತಿರುಗಿಸಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಾನು ಐಟಿಐ ಫಿಟ್ಟರ್ ಮುಗಿಸಿ ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ ಪರೀಕ್ಷೆಗೆ ಓದುತ್ತಿದ್ದೇನೆ. ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಆದರೂ ಮಾಕ್ ಟೆಸ್ಟ್‌ನಲ್ಲಿ ಗೇರ್, ಪುಲ್ಲಿ, ಲಿವರ್ ಚಿತ್ರ ಬಂದರೆ ತಪ್ಪಾಗುತ್ತದೆ. ಮನೆಯಲ್ಲೇ ನನ್ನನ್ನು ನಾನು ಪರೀಕ್ಷಿಸಿಕೊಳ್ಳುವುದು ಹೇಗೆ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಈ ಪರೀಕ್ಷೆಯ ಎರಡನೇ ಹಂತದ ಮೊದಲ ಭಾಗದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಅಷ್ಟರಲ್ಲಿ ಸೂತ್ರ ನೆನಪಿಸಿಕೊಂಡು, ಬೆಲೆ ಹಾಕಿ ಲೆಕ್ಕ ಮಾಡುತ್ತಾ ಕೂತರೆ ಆಗಲ್ಲ. ಚಿತ್ರ ನೋಡಿದ ಕೂಡಲೇ ಯಾವುದು ಯಾವುದನ್ನು ತಳ್ಳುತ್ತದೆ, ಅದು ಎತ್ತ ಹೋಗುತ್ತದೆ ಅಂತ ಕಣ್ಣಿಗೆ ಕಟ್ಟಬೇಕು. ನಿಮಗೆ ತಪ್ಪುತ್ತಿರುವುದು ಅದೇ. ಮತ್ತೊಂದು ಗೈಡ್ ಕೊಂಡು ಅದು ಬರುವುದಿಲ್ಲ.

ನಾನು ಹೇಳಿಕೊಡುವ ಕ್ರಮ ಸುಲಭ. ಏನಾಗುತ್ತದೆ ಅಂತ ಮೊದಲು ಊಹಿಸಿ, ಪೆನ್ನಿನಲ್ಲಿ ಬರೆದಿಡಿ. ಆಮೇಲೆ ವಸ್ತುವನ್ನು ಕೈಯಲ್ಲಿ ಹಿಡಿದು ಮಾಡಿ ನೋಡಿ. ಬರೆದಿಡುವುದು ಮುಖ್ಯ. ಇಲ್ಲದಿದ್ದರೆ ಮಾಡಿ ನೋಡಿದ ಮೇಲೆ ‘ನಾನೂ ಹಾಗೇ ಅಂದುಕೊಂಡಿದ್ದೆ’ ಅನ್ನಿಸಿಬಿಡುತ್ತದೆ.

ಗೇರ್‌ನಿಂದ ಶುರು ಮಾಡೋಣ. ಹಲ್ಲಿಗೆ ಹಲ್ಲು ಕೂತ ಎರಡು ಗೇರ್ ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುತ್ತವೆ. ಸಾಲಾಗಿ ಮೂರಿದ್ದರೆ ಒಂದನೆಯದೂ ಮೂರನೆಯದೂ ಒಂದೇ ಕಡೆ. ಅದೇ ಮೂರನ್ನು ತ್ರಿಕೋನವಾಗಿ, ಪ್ರತಿಯೊಂದೂ ಉಳಿದೆರಡಕ್ಕೆ ತಾಗುವಂತೆ ಕೂರಿಸಿದರೆ? ಅಲ್ಲಾಡುವುದೇ ಇಲ್ಲ, ಲಾಕ್. ನಾಲ್ಕನ್ನು ಸುತ್ತಲೂ ಕೂರಿಸಿದರೆ ಆರಾಮಾಗಿ ತಿರುಗುತ್ತವೆ. ಇನ್ನೊಂದು ಬಲೆ ಮಧ್ಯದ ಗೇರ್. 20 ಹಲ್ಲಿನ ಗೇರ್ 30 ಹಲ್ಲಿನದನ್ನು ತಿರುಗಿಸಿ, ಅದು 40 ಹಲ್ಲಿನದನ್ನು ತಿರುಗಿಸುತ್ತದೆ ಅನ್ನಿ. ಮೊದಲನೆಯದು ಎರಡು ಸುತ್ತು ಹಾಕಿದರೆ ಕೊನೆಯದು ಒಂದು ಸುತ್ತು. ಮಧ್ಯದ 30 ಲೆಕ್ಕಕ್ಕೆ ಬರುವುದೇ ಇಲ್ಲ, ಅದರ ಕೆಲಸ ದಿಕ್ಕು ಬದಲಿಸುವುದಷ್ಟೇ. ಪ್ರಶ್ನೆ ಮಾಡುವವರು ಬೇಕಂತಲೇ ಅದನ್ನು ಅಲ್ಲಿ ಇಟ್ಟಿರುತ್ತಾರೆ.

ಈಗ ಸೈಕಲ್ ಹೊರಗೆ ತನ್ನಿ. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ. ಪೆಡಲ್ ಪಕ್ಕದ ದೊಡ್ಡ ಚಕ್ರದ ಹಲ್ಲು ಎಣಿಸಿ, ಹಿಂದಿನ ಫ್ರೀವೀಲ್ ಹಲ್ಲೂ ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಎರಡೂವರೆಗೆ ತುಸು ಕಡಿಮೆ ಸುತ್ತಬೇಕು. ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪೆಡಲ್ ಮೆಲ್ಲಗೆ ತಿರುಗಿಸಿ ಎಣಿಸಿ. ಜೋರಾಗಿ ತಿರುಗಿಸಿದರೆ ಫ್ರೀವೀಲ್ ಬಿಟ್ಟುಕೊಂಡು ಚಕ್ರ ತಾನೇ ಓಡುತ್ತದೆ, ಲೆಕ್ಕ ತಪ್ಪುತ್ತದೆ.

ಸೈಕಲ್ ಹೊರಗೆ ಬಂದಿದೆಯಲ್ಲ, ನನಗೆ ತುಂಬಾ ಇಷ್ಟವಾದ ಪ್ರಶ್ನೆಯನ್ನೂ ನೋಡಿಬಿಡಿ. ಸ್ಟ್ಯಾಂಡ್ ತೆಗೆಯಿರಿ. ಸೈಕಲ್ ಬೀಳದಂತೆ ಒಬ್ಬರು ಸೀಟನ್ನು ಹಗುರಾಗಿ ಹಿಡಿದಿರಲಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ. ಅದಕ್ಕೆ ಹಗ್ಗ ಕಟ್ಟಿ, ಸೈಕಲ್ಲಿನ ಹಿಂದೆ ನಿಂತು ನೆಲಕ್ಕೆ ಸಮನಾಗಿ ಹಿಂದಕ್ಕೆ ಎಳೆಯಿರಿ. ಸೈಕಲ್ ಎತ್ತ ಹೋಗುತ್ತದೆ? ತುಳಿಯುವಾಗ ಕೆಳಗಿನ ಪೆಡಲ್ ಹಿಂದಕ್ಕೇ ಹೋಗುತ್ತದೆ, ಹಾಗಾಗಿ ಸೈಕಲ್ ಮುಂದಕ್ಕೆ ಅಂತ ಹೇಳುವವರೇ ಜಾಸ್ತಿ. ನಿಜಕ್ಕೂ ಅದು ಹಿಂದಕ್ಕೆ ಬರುತ್ತದೆ. ಯಾಕೆ? ಪೆಡಲ್ ಒಂದು ಸುತ್ತು ಬರುವಾಗ ತಿರುಗುವ ದೂರ ಸುಮಾರು ಒಂದು ಮೀಟರ್. ಅಷ್ಟರಲ್ಲಿ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಓಡಿರುತ್ತದೆ. ಹಾಗಾಗಿ ನೆಲದ ಮೇಲೆ ನಿಂತು ನೋಡುವವನಿಗೆ ಕೆಳಗಿನ ಪೆಡಲ್ ಕೂಡ ಮುಂದಕ್ಕೇ ಹೋಗುತ್ತಿರುತ್ತದೆ. ನೀವು ಎಳೆಯುತ್ತಿರುವುದು ನೆಲದ ಮೇಲೆ ನಿಂತು. ಸೈಕಲ್ ಮುಂದೆ ಹೋಗಬೇಕಾದರೆ ನಿಮ್ಮ ಹಗ್ಗವೂ ಮುಂದೆ ಹೋಗಬೇಕು, ಅದು ಆಗುವ ಮಾತಲ್ಲ. ಯಾರು ಎಲ್ಲಿ ನಿಂತು ಬಲ ಹಾಕುತ್ತಿದ್ದಾರೆ ಅಂತ ಮೊದಲು ನೋಡುವ ಅಭ್ಯಾಸ ಇದರಿಂದ ಬರುತ್ತದೆ.

ಪುಲ್ಲಿಗೆ ಒಂದೇ ಉಪಾಯ ಸಾಕು. ಭಾರವನ್ನು ಎಷ್ಟು ಎಳೆ ಹಗ್ಗ ಹೊತ್ತಿವೆ ಅಂತ ಎಣಿಸಿ. ಬಾವಿಯ ರಾಟೆಯಲ್ಲಿ ಒಂದೇ ಎಳೆ, ಆದ್ದರಿಂದ 15 ಕೆಜಿ ಕೊಡಕ್ಕೆ 15 ಕೆಜಿ ಬಲವೇ ಬೇಕು. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯುತ್ತೀರಿ ಅನ್ನುವುದಷ್ಟೇ ಲಾಭ. ಭಾರದ ಜೊತೆಗೇ ಮೇಲೇರುವ ಪುಲ್ಲಿ ಇದ್ದರೆ ಎರಡು ಎಳೆ. 60 ಕೆಜಿ ಮೂಟೆಗೆ, ಉಜ್ಜಾಟ ಬಿಟ್ಟರೆ, 30 ಕೆಜಿ ಸಾಕು. ಆದರೆ ಮೂಟೆ ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಡಲೇಬೇಕು.

ಈಗ ನಿಮಗೊಂದು ಲೆಕ್ಕ. ದೊಡ್ಡ ಕಟ್ಟಡಕ್ಕೆ ಬಣ್ಣ ಬಳಿಯುವವನು ಒಂದು ಹಲಗೆಯ ಮೇಲೆ ಕೂತಿದ್ದಾನೆ. ಹಲಗೆಗೆ ಕಟ್ಟಿದ ಹಗ್ಗ ಮೇಲಿನ ಪುಲ್ಲಿ ದಾಟಿ ಕೆಳಗಿಳಿದಿದೆ. ಅದೇ ತುದಿಯನ್ನು ಹಿಡಿದು ತನ್ನನ್ನು ತಾನೇ ಎಳೆದುಕೊಳ್ಳುತ್ತಾನೆ. ಎಲ್ಲ ಸೇರಿ 70 ಕೆಜಿ. ಎಷ್ಟು ಬಲ ಬೇಕು? 35. ಅವನನ್ನು ಎರಡು ಎಳೆ ಹೊತ್ತಿವೆ, ಒಂದು ಹಲಗೆಯದು, ಇನ್ನೊಂದು ಅವನ ಕೈಯಲ್ಲಿರುವುದು. ಅದೇ ತುದಿಯನ್ನು ಕೆಳಗೆ ನೆಲದ ಮೇಲೆ ನಿಂತವನಿಗೆ ಕೊಟ್ಟರೆ ಅವನು ಪೂರ್ತಿ 70 ಎಳೆಯಬೇಕು.

ಲಿವರ್‌ಗೆ ಅಡಕತ್ತರಿ ನೋಡಿ. ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟು ಒಮ್ಮೆ, ದೂರ ಇಟ್ಟು ಒಮ್ಮೆ ಕತ್ತರಿಸಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಕೆಟ್ಟ ಸಾಮಾನು ಯಾವುದಿದ್ದರೂ ಸ್ಕ್ರೂಡ್ರೈವರ್ ಹಿಡಿದು ಬಿಚ್ಚುತ್ತಾಳೆ. ಮೊನ್ನೆ ಮೊಬೈಲಿನಲ್ಲಿ ಯಾವುದೋ ಮೆಕ್ಯಾನಿಕಲ್ ಆಪ್ಟಿಟ್ಯೂಡ್ ಟೆಸ್ಟ್ ತಗೊಂಡಳು. ಕಡಿಮೆ ಅಂಕ ಬಂತು, ಮಂಕಾಗಿದ್ದಾಳೆ. ಅವಳಿಗೆ ಈ ಲೈನು ಹಿಡಿಸಲ್ಲ ಅಂತ ಅರ್ಥವೇ?
– ತಾಯಿ, ಶಿವಮೊಗ್ಗ

ಉತ್ತರ: ಇಲ್ಲಮ್ಮ. ಇಂಥ ಟೆಸ್ಟ್‌ಗಳಲ್ಲಿ ಹೆಸರಾದದ್ದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಬೆನೆಟ್ 1940ರಲ್ಲಿ ತಂದದ್ದು. ಚಿತ್ರ ತೋರಿಸಿ ‘ಯಾವುದು ಸುಲಭ, ಯಾವುದು ಬೇಗ’ ಅಂತ ಕೇಳುವ ರೀತಿ ಅದರದು. ಕಾರ್ಖಾನೆ ಕೆಲಸಕ್ಕೆ ಜನರನ್ನು ಆರಿಸಲು ಅದನ್ನು ತುಂಬಾ ಬಳಸಿದ್ದಾರೆ. ಆದರೆ ಅಂಥ ಟೆಸ್ಟ್ ಹುಟ್ಟುಗುಣವನ್ನಷ್ಟೇ ಅಳೆಯುತ್ತದೆ ಅಂದುಕೊಳ್ಳಬೇಡಿ. ಕೈಗೆ ಎಷ್ಟು ಸಾಮಾನು ಸಿಕ್ಕಿದೆ ಅನ್ನುವುದೂ ಅಂಕದಲ್ಲಿ ಸೇರಿರುತ್ತದೆ. ಜ್ಯಾಕ್ ಹಾಕಿ ಲಾರಿ ಎತ್ತುವುದನ್ನು ದಿನಾ ನೋಡುವ ಗ್ಯಾರೇಜ್ ಹುಡುಗನಿಗೆ ಆ ಚಿತ್ರ ಪರಿಚಯದ್ದು. ನಿಮ್ಮ ಮಗಳಿಗೆ ಅದು ಹೊಸದಿರಬಹುದು. ಸಾಲದ್ದಕ್ಕೆ ಮೊಬೈಲಿನಲ್ಲಿ ಬರುವ ಟೆಸ್ಟ್‌ಗಳನ್ನು ಯಾರು ಮಾಡಿದರೋ, ಯಾರ ಮೇಲೆ ಪರೀಕ್ಷಿಸಿದರೋ! ಅಂಕ ಬಿಟ್ಟು, ತಪ್ಪಾದ ಪ್ರಶ್ನೆ ಯಾವುದು ಅಂತ ಅವಳ ಜೊತೆ ಕೂತು ನೋಡಿ.

ಬಿಚ್ಚಲಿ, ಬಿಡಿ. ಎರಡು ಷರತ್ತು ಹಾಕಿ. ಪ್ಲಗ್ ಕಿತ್ತ ಮೇಲೇ ಬಿಚ್ಚಬೇಕು. ಹಳೆಯ ಡಬ್ಬಾ ಟಿವಿ, ಮೈಕ್ರೊವೇವ್, ಇನ್ವರ್ಟರ್ ಮುಟ್ಟಲೇಬಾರದು, ಪ್ಲಗ್ ಕಿತ್ತರೂ ಅವುಗಳೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಎಂಜಿನ್ ವಿಭಾಗದಲ್ಲಿ ಅವಳನ್ನು ಅವಸರ ಮಾಡಬೇಡಿ. ಆಸಕ್ತಿ ಹೀಗೇ ಉಳಿದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಇದೆ, ಸರ್ಕಾರಿ ತರಬೇತಿ ಸಂಸ್ಥೆ ಜಿಟಿಟಿಸಿಯ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಹುಡುಗಿಗೆ ಯಾಕೆ ಇದೆಲ್ಲ ಅನ್ನುವ ನೆಂಟರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಕೆರೆಯಲ್ಲಿ ದೋಣಿ ಇದೆ, ದೋಣಿಯಲ್ಲಿ ಕಲ್ಲು ಇದೆ. ಕಲ್ಲನ್ನು ನೀರಿಗೆ ಎಸೆದರೆ ಕೆರೆಯ ಮಟ್ಟ ಏರುತ್ತದೋ ಇಳಿಯುತ್ತದೋ? ಏರುತ್ತದೆ ಅಂತ ನಾನು, ಏನೂ ಆಗಲ್ಲ ಅಂತ ಗೆಳೆಯ. ಪಂದ್ಯ ಕಟ್ಟಿದ್ದೇವೆ.
– ಓದುಗ, ಮಂಡ್ಯ

ಉತ್ತರ: ಇಬ್ಬರೂ ಸೋತಿರಿ, ಇಳಿಯುತ್ತದೆ. ದೋಣಿಯಲ್ಲಿದ್ದಾಗ ಕಲ್ಲು ತನ್ನ *ತೂಕದಷ್ಟು* ನೀರನ್ನು ಸರಿಸುತ್ತದೆ. ಮುಳುಗಿದ ಮೇಲೆ ತನ್ನ *ಗಾತ್ರದಷ್ಟು* ಮಾತ್ರ. ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಹಾಗಾಗಿ ಅರ್ಧ ಕೆಜಿ ಕಲ್ಲು ದೋಣಿಯಲ್ಲಿದ್ದಾಗ ಅರ್ಧ ಲೀಟರ್ ಸರಿಸಿದರೆ, ತಳ ಸೇರಿದ ಮೇಲೆ 200 ಎಂಎಲ್ ಕೂಡ ಸರಿಸುವುದಿಲ್ಲ.

ಕೆರೆಯಲ್ಲಿ ಇದು ಕಾಣಲ್ಲ, ಬಕೆಟ್‌ನಲ್ಲಿ ಕಾಣುತ್ತದೆ. ಬಕೆಟ್ ಕಿರಿದಾಗಿದ್ದಷ್ಟೂ ಒಳ್ಳೆಯದು. ಸ್ಟೀಲ್ ಬಟ್ಟಲಿನಲ್ಲಿ ಕಲ್ಲಿಟ್ಟು ತೇಲಿಬಿಡಿ, ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕಲ್ಲು ತೆಗೆದು ನೀರಿಗೆ ಬಿಡಿ, ಬಟ್ಟಲು ತೇಲುತ್ತಲೇ ಇರಲಿ. ನೀರು ಗೆರೆಗಿಂತ ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಕಲ್ಲಿನ ಬದಲು ಮರದ ತುಂಡು ಹಾಕಿದ್ದರೆ ನಿಮ್ಮ ಗೆಳೆಯ ಗೆಲ್ಲುತ್ತಿದ್ದರು.

ಪ್ರಶ್ನೆ: ಪಿಯುಸಿ ಫಿಸಿಕ್ಸ್‌ನಲ್ಲಿ ಒಳ್ಳೆಯ ಅಂಕ ಬರುತ್ತದೆ. ಆದರೆ ಲೆಕ್ಕವಿಲ್ಲದ ಸಾದಾ ಪ್ರಶ್ನೆ ಕೇಳಿದರೆ ತಡವರಿಸುತ್ತೇನೆ. ಯಾಕೆ ಹೀಗೆ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನೀವೊಬ್ಬರೇ ಅಲ್ಲ. ಅಮೆರಿಕದಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಬಲ ಮತ್ತು ಚಲನೆಯ ಬಗ್ಗೆ, ಲೆಕ್ಕವೇ ಬೇಡದ ಪ್ರಶ್ನೆಪತ್ರಿಕೆಯೊಂದನ್ನು ಪ್ರಕಟಿಸಿದರು. ಲೆಕ್ಕ ಸರಿಯಾಗಿ ಬಿಡಿಸುವ ಎಷ್ಟೋ ವಿದ್ಯಾರ್ಥಿಗಳು ಅದರಲ್ಲಿ ಎಡವಿದರು. ನೀವೇ ಹೇಳಿ, ಲಾರಿಯೂ ಸ್ಕೂಟರೂ ಡಿಕ್ಕಿಯಾದರೆ ಯಾವುದರ ಮೇಲೆ ಬಲ ಜಾಸ್ತಿ? ಎರಡರ ಮೇಲೂ ಅಷ್ಟೇ. ಸ್ಕೂಟರಿನ ತೂಕ ಕಡಿಮೆ, ಅದಕ್ಕೇ ಅದು ಹಾರಿ ಬೀಳುತ್ತದೆ. ನ್ಯೂಟನ್ನನ ಮೂರನೇ ನಿಯಮ ನಿಮಗೆ ಬಾಯಲ್ಲಿದೆ, ಆದರೆ ಈ ಪ್ರಶ್ನೆ ಕೇಳಿದಾಗ ಅದು ನೆನಪಾಗಲಿಲ್ಲ, ಅಲ್ವಾ?

ಇನ್ನೊಂದನ್ನು ಮಾಡಿ ನೋಡಿ. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡನ್ನು ನೆಲದ ಮೇಲೆ ಅರ್ಧಚಂದ್ರದಂತೆ ಬಗ್ಗಿಸಿಡಿ. ಒಳಗೆ ಬೇರಿಂಗಿನ ಸಣ್ಣ ಗುಂಡು ಉರುಳಿಸಿ. ಹೊರಬಂದ ಮೇಲೆ ಅದು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಮೊದಲೇ ನೆಲದ ಮೇಲೆ ಗೆರೆ ಎಳೆಯಿರಿ. ಬಾಗಿದ ಗೆರೆ ಎಳೆಯುವವರು ಕಾಲೇಜಿನಲ್ಲೂ ಸಿಗುತ್ತಾರೆ. ಗುಂಡು ಮಾತ್ರ ನೆಟ್ಟಗೆ ಹೋಗುತ್ತದೆ. ಪೈಪಿನ ಗೋಡೆ ತಳ್ಳುತ್ತಿದ್ದಷ್ಟು ಹೊತ್ತು ಬಾಗಿತ್ತು, ಗೋಡೆ ಮುಗಿಯಿತು, ಬಾಗುವುದೂ ಮುಗಿಯಿತು.

ಪ್ರಶ್ನೆ: ತಾರಸಿಯ 500 ಲೀಟರ್ ಟ್ಯಾಂಕ್ ತೆಗೆದು ಅದೇ ಜಾಗದಲ್ಲಿ 1000 ಲೀಟರಿನದು ಹಾಕಿಸಿದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಾ?
– ಮನೆ ಮಾಲೀಕರು, ದಾವಣಗೆರೆ

ಉತ್ತರ: ಇಲ್ಲ. ಒತ್ತಡ ನೀರು ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನೋಡುತ್ತದೆ, ಎಷ್ಟು ಲೀಟರ್ ಇದೆ ಅಂತಲ್ಲ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. ನಿಮ್ಮ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಅದು 0.3 ಮಾತ್ರ, ಟ್ಯಾಂಕ್ ಎಷ್ಟೇ ದೊಡ್ಡದಿರಲಿ. ಅದೇ ದುಡ್ಡಲ್ಲಿ ಈಗಿನ ಟ್ಯಾಂಕ್ ಕೆಳಗೆ ಎತ್ತರದ ಸ್ಟ್ಯಾಂಡ್ ಕಟ್ಟಿಸಿ. ಅದಕ್ಕೂ ಮುಂಚೆ ಪ್ಲಂಬರ್‌ಗೆ ಹೇಳಿ ಪೈಪ್ ನೋಡಿಸಿ. ಅರ್ಧ ಇಂಚು ದಪ್ಪದ ಉದ್ದನೆಯ ಪೈಪಿಗೆ ಎಲ್ಬೋ ಮೇಲೆ ಎಲ್ಬೋ ಹಾಕಿದ್ದರೆ ಅಥವಾ ಒಳಗೆ ಸುಣ್ಣ ಕಟ್ಟಿಕೊಂಡಿದ್ದರೆ ಎತ್ತರಿಸಿದರೂ ಅಷ್ಟೇನೂ ಜೋರು ಬರುವುದಿಲ್ಲ.